ಕ್ರೀಟ್‌ನ ಗುಡಾಣ ಒಂದೇ ಬೀಸಿಗೆ ಏಳುವುದಿಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಗ್ರೀಸ್ ಪ್ರವಾಸದ ಬರಹ ಓದಿದೆವು. ಅಥೆನ್ಸ್, ಸ್ಯಾಂಟೋರಿನಿ ದಾಟಿ ಕ್ರೀಟ್ ದ್ವೀಪದವರೆಗೂ ಓದುಗರನ್ನು ಕರೆದೊಯ್ದದ್ದು ಒಳ್ಳೆಯದೇ. ಆದರೆ ಅಲ್ಲಿಯ ಕುಂಬಾರರ ಊರುಗಳಿಗೆ ಸಿಕ್ಕಿದ್ದು ಎರಡೇ ಸಾಲು. ದಾರಿಯಲ್ಲಿ ಅರ್ಧ ಗಂಟೆ ನಿಂತು ಕಾಣಿಕೆ ಸಾಮಾನು ಕೊಳ್ಳಬಹುದು ಎಂಬುದು ಒಂದು. ಆಳೆತ್ತರದ ಗುಡಾಣದ ಚಿತ್ರದ ಕೆಳಗೆ, ಅದು ತಿಗರಿಯ ಮೇಲೆ ನೋಡನೋಡುತ್ತಲೇ ಎದ್ದು ನಿಲ್ಲುತ್ತದೆ ಎಂಬ ಅರ್ಥದ ಒಕ್ಕಣೆ ಇನ್ನೊಂದು. ಮೊದಲನೆಯದು ಓದುಗರಿಗೆ ನಷ್ಟ, ಎರಡನೆಯದು ತಪ್ಪು. ಆ ಗಾತ್ರದ ಪಾತ್ರೆಯನ್ನು ಯಾವ ಕುಂಬಾರನೂ ಒಂದೇ ಮುದ್ದೆಯಿಂದ ಒಂದೇ ಸಲಕ್ಕೆ ಎತ್ತಲಾರ. ಅದು ಹೇಗೆ ಏಳುತ್ತದೆ ಎಂದು ಗೊತ್ತಿದ್ದರೆ ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತಿಗೆ ಹೋಗಬೇಕು, ಏನು ನೋಡಬೇಕು ಎಂಬುದೂ ತಾನಾಗಿ ತಿಳಿಯುತ್ತದೆ. ಅದಕ್ಕೇ ಈ ಪತ್ರ ಉದ್ದವಾಗಿದೆ.

ಕ್ರೀಟ್‌ಗೆ ಹೋಗುವ ನಮ್ಮವರೆಲ್ಲ ಕಂಚಿನ ಯುಗದ ಮಿನೋವನ್ ಜನ ಕಟ್ಟಿದ ಕ್ನೋಸೋಸ್ ಅರಮನೆಯ ಅವಶೇಷ ನೋಡಿಯೇ ನೋಡುತ್ತಾರೆ. ಹೆರಾಕ್ಲಿಯನ್ ಪಟ್ಟಣದಿಂದ ದಕ್ಷಿಣಕ್ಕೆ 5 ಕಿ.ಮೀ. ಇಂಗ್ಲೆಂಡಿನ ಪುರಾತತ್ವಜ್ಞ ಆರ್ಥರ್ ಇವಾನ್ಸ್ 1900ರಲ್ಲಿ ಅಗೆತ ಶುರುಮಾಡಿದ್ದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು, 1878ರಲ್ಲಿ, ಹೆರಾಕ್ಲಿಯನ್ನಿನವನೇ ಆದ ಮಿನೋಸ್ ಕಲೊಕೆರಿನೊಸ್ ಅಲ್ಲಿ ಗುಂಡಿ ತೋಡಿದಾಗ ಕಣ್ಣಿಗೆ ಬಿದ್ದದ್ದು ಸಿಂಹಾಸನವಲ್ಲ, ಗುಡಾಣಗಳ ಸಾಲು. ಅವುಗಳಲ್ಲೊಂದು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅರಮನೆಯ ಪಶ್ಚಿಮ ಭಾಗದಲ್ಲಿ ಓಣಿಯಂತೆ ಉದ್ದಕ್ಕೆ ಸಾಗುವ 18 ಉಗ್ರಾಣಗಳಿವೆ. ಎಣ್ಣೆ, ದ್ರಾಕ್ಷಾರಸ, ಧಾನ್ಯ, ಬೇಳೆಕಾಳು ಎಲ್ಲ ಆ ಗುಡಾಣಗಳಲ್ಲೇ. ಪುಸ್ತಕದ ಗ್ರೀಕ್‌ನಲ್ಲಿ ಅದು ಪಿಥೋಸ್, ಇವತ್ತಿನ ಆಡುಮಾತಿನಲ್ಲಿ ಪಿಥಾರಿ. ಹಳೇ ಮೈಸೂರು ಕಡೆಯ ಓದುಗರಿಗೆ ವಾಡೆ ಎಂದರೆ ಚಿತ್ರ ಕಣ್ಣಿಗೆ ಕಟ್ಟೀತು.

ಪ್ರವಾಸಿಗಳು ಹಗ್ಗದ ಈಚೆ ನಿಂತು ಆ ಗುಡಾಣಗಳ ಫೋಟೊ ತೆಗೆದು ಬಸ್ ಹತ್ತುತ್ತಾರೆ. ಅಲ್ಲಿಂದ ಒಂದು ತಾಸಿನೊಳಗಿನ ದಾರಿಯಲ್ಲಿ, ಅದೇ ಜಾತಿಯ ಪಾತ್ರೆಯನ್ನು ಬಹುಮಟ್ಟಿಗೆ ಅದೇ ಕ್ರಮದಲ್ಲಿ ಇವತ್ತೂ ಕಟ್ಟುತ್ತಿದ್ದಾರೆ ಎಂದು ಅವರಿಗೆ ಯಾರೂ ಹೇಳುವುದಿಲ್ಲ.

ಕ್ರೀಟ್‌ನಲ್ಲಿ ಹೆಸರಾದ ಕುಂಬಾರ ಊರುಗಳು ನಾಲ್ಕು: ಹೆರಾಕ್ಲಿಯನ್ ಸೀಮೆಯ ಥ್ರಪ್ಸನೊ, ರೆಥಿಮ್ನೊ ಸೀಮೆಯ ಮಾರ್ಗರೀತೆಸ್, ಪೂರ್ವದಲ್ಲಿ ಇಯೆರಾಪೆತ್ರಾ ಬಳಿಯ ಕೆಂದ್ರಿ, ಪಶ್ಚಿಮದ ಕೊನೆಯಲ್ಲಿ ನೋಹಿಯಾ. ಪ್ರವಾಸಿಗೆ ಮುಖ್ಯವಾದವು ಮೊದಲ ಎರಡು, ಮತ್ತು ಇವೆರಡನ್ನು ಒಂದೇ ಎಂದು ತಿಳಿಯಬಾರದು. ಆಳೆತ್ತರದ ಗುಡಾಣ ಕಟ್ಟುವುದನ್ನು ನೋಡಬೇಕಿದ್ದರೆ ಥ್ರಪ್ಸನೊ. ಊರು ಸುತ್ತಿ, ಸಣ್ಣ ಪಾತ್ರೆ ಕೊಂಡು, ಅಕ್ಕಪಕ್ಕದ ಜಾಗಗಳನ್ನೂ ನೋಡಬೇಕಿದ್ದರೆ ಮಾರ್ಗರೀತೆಸ್. ಚೆಂದದ ಊರು ಮಾರ್ಗರೀತೆಸ್, ಅನುಮಾನವೇ ಇಲ್ಲ. ಥ್ರಪ್ಸನೊ ನೋಡಲು ಸಾದಾ ಊರು. ಕೆಲಸದ ಶೆಡ್ಡು, ಅಂಗಳದ ತುಂಬ ಒಣಗಲು ಇಟ್ಟ ಗುಡಾಣ, ಲಾರಿಗೆ ಹೇರಲು ಕಾದಿರುವ ಸಾಲು, ಅಷ್ಟೇ. ಒಂದೇ ದಿನ ಇದ್ದು, ಕೈಕೆಲಸವನ್ನೇ ನೋಡಬೇಕೆನ್ನುವವರಿಗೆ ನಾವು ಹೇಳುವುದು ಥ್ರಪ್ಸನೊ.

ಈಗ ಗುಡಾಣದ ವಿಷಯ. ಮಣ್ಣು ಒಂದೇ ಬಗೆಯದಲ್ಲ. ಕೈಗೆ ಬಗ್ಗುವ ಜಿಗುಟಾದ ಕೆಂಪು ಜೇಡಿಮಣ್ಣು ಒಂದು ಪಾಲು, ಅದರ ಜಿಗುಟನ್ನು ಮುರಿಯಲು ಬೂದು ಬಿಳುಪಿನ ಒರಟು ಮಣ್ಣು ಇನ್ನೊಂದು ಪಾಲು. ಬರೀ ಜಿಗುಟು ಮಣ್ಣಿನಲ್ಲಿ ಕಟ್ಟಿದರೆ ಒಣಗುವಾಗ ಅತಿಯಾಗಿ ಕುಗ್ಗಿ ಸೀಳುತ್ತದೆ, ಒರಟು ಹೆಚ್ಚಾದರೆ ಕೈಗೆ ಏಳುವುದಿಲ್ಲ. ಎಷ್ಟಕ್ಕೆ ಎಷ್ಟು ಎಂಬುದು ಆಯಾ ಗುಂಡಿಯ ಮಣ್ಣಿನ ಮೇಲೆ ಹೋಗುತ್ತದೆ. ಹಳೆಯ ಕ್ರಮದಲ್ಲಿ ಅಗೆದ ಹೆಂಟೆಯನ್ನು ಬಿಸಿಲಿಗೆ ಒಣಗಿಸಿ, ಮರದ ಕೊಡತಿಯಿಂದ ಕುಟ್ಟಿ, ಜರಡಿ ಹಿಡಿದು, ತೊಟ್ಟಿಯ ನೀರಿನಲ್ಲಿ ನೆನೆಹಾಕಿ, ಕಾಲಿನಿಂದ ತುಳಿಯುತ್ತಿದ್ದರು. ಜರಡಿ ಹಿಡಿಯುವುದು ಬರೀ ನುಣುಪಿಗಲ್ಲ. ಕ್ರೀಟ್‌ನ ಮಣ್ಣಿನಲ್ಲಿ ಸುಣ್ಣಕಲ್ಲಿನ ಹರಳು ಹೆಚ್ಚು. ಹರಳು ಉಳಿದ ಪಾತ್ರೆಯನ್ನು ಸುಟ್ಟರೆ ಅದು ಒಳಗೇ ಸುಟ್ಟ ಸುಣ್ಣವಾಗುತ್ತದೆ. ಪಾತ್ರೆ ಹೊರಗೆ ಬಂದ ಮೇಲೆ ಗಾಳಿಯ ತೇವ ಕುಡಿದು ಅರಳುತ್ತದೆ, ಆಗ ಮೇಲಿನ ಪದರ ಕಾಸಿನಗಲ ಚಕ್ಕೆಯಾಗಿ ಹಾರುತ್ತದೆ. ಚಕ್ಕೆ ಎದ್ದ ಜಾಗದ ನಡುವೆ ಬಿಳಿ ಚುಕ್ಕೆ ಕಂಡರೆ ಅದೇ ಕಾರಣ. ಇದು ಆವಿಗೆಯಿಂದ ತೆಗೆದ ದಿನ ಕಾಣುವುದಿಲ್ಲ, ವಾರಗಳ ನಂತರ ಕಾಣುತ್ತದೆ. ಕೊಳ್ಳುವವರಿಗೂ ಈ ಮಾತು ಬೇಕು, ಮುಂದೆ ಬರುತ್ತದೆ.

ತಿಗರಿ ನಮ್ಮದರಂತಲ್ಲ. ನಮ್ಮ ಕುಂಬಾರ ಕೋಲಿನಿಂದ ಚಕ್ರ ಬೀಸಿಬಿಟ್ಟರೆ ಚಕ್ರದ ತೂಕವೇ ಅದನ್ನು ಓಡಿಸುತ್ತದೆ, ಆ ಓಟ ಇಳಿಯುವಷ್ಟರಲ್ಲಿ ಕೊಡದ ಬಾಯಿ ಮುಗಿಯಬೇಕು. ಕ್ರೀಟ್‌ನ ಗುಡಾಣದ ತಿಗರಿಗೆ ಅಂಥ ಓಟ ಬೇಡವೇ ಬೇಡ. ನೆಲದಲ್ಲಿ ಉದ್ದನೆಯ ಕಾಲುವೆ ತೋಡಿ ಅದರೊಳಗೆ ಹತ್ತರ ಆಸುಪಾಸು ತಿಗರಿಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ತಿಗರಿಯ ತಲೆ ನೆಲಮಟ್ಟಕ್ಕೆ, ಕಂಬ ಕಾಲುವೆಯೊಳಗೆ. ಕಂಬಕ್ಕೆ ಅಡ್ಡಪಟ್ಟಿ ಇರುತ್ತದೆ. ಒಬ್ಬ ಆಳು ಕಾಲುವೆಯಲ್ಲಿ ಕೂತು ಅದನ್ನು ಕೈಯಿಂದ ತಿರುಗಿಸುತ್ತಾನೆ, ಮೇಸ್ತ್ರಿ ಮೇಲೆ ನಿಂತು ಮಣ್ಣು ಎತ್ತುತ್ತಾನೆ. ಇವತ್ತು ಬಹಳ ಕಡೆ ಆ ಆಳಿನ ಜಾಗಕ್ಕೆ ವಿದ್ಯುತ್ ಮೋಟರು ಬಂದಿದೆ, ಉಳಿದ ಕ್ರಮ ಉಳಿದಿದೆ.

ಮೊದಲು ತಿಗರಿಯ ತಲೆಯ ಮೇಲೆ ಬೂದಿ ಉದುರಿಸಿ ಮಣ್ಣಿನ ಬಿಲ್ಲೆ ತಟ್ಟುತ್ತಾರೆ, ಅದು ತಳ. ಬೂದಿ ಇಲ್ಲದಿದ್ದರೆ ತಳ ಕಚ್ಚಿಕೊಂಡು, ಕುಗ್ಗುವಾಗ ಅಲ್ಲೇ ಸೀಳುತ್ತದೆ. ಬಿಲ್ಲೆಯ ಅಂಚಿಗೆ ತೋಳಿನಷ್ಟು ದಪ್ಪದ ಮಣ್ಣಿನ ಸುರುಳಿ ಕೂರಿಸಿ, ತಿಗರಿ ನಿಧಾನವಾಗಿ ತಿರುಗುತ್ತಿರುವಂತೆ ಅದನ್ನು ಒತ್ತಿ ಎತ್ತಿ ಒಂದು ಗೇಣಿನ ಪಟ್ಟಿ ಮಾಡುತ್ತಾರೆ. ಅಲ್ಲಿಗೆ ನಿಲ್ಲಿಸಬೇಕು. ಮೇಸ್ತ್ರಿ ಎರಡನೇ ತಿಗರಿಗೆ ಹೋಗುತ್ತಾನೆ, ಅಲ್ಲೂ ತಳ, ಅಲ್ಲೂ ಮೊದಲ ಪಟ್ಟಿ. ಹೀಗೆ ಸಾಲಿನ ಕೊನೆ ಮುಟ್ಟಿ ಮರಳುವಷ್ಟರಲ್ಲಿ ಮೊದಲ ಗುಡಾಣದ ಪಟ್ಟಿ ಬಿಸಿಲಿಗೆ ಅರೆಹಸಿಯಾಗಿರುತ್ತದೆ. ಮೇಲಿನ ಭಾರ ತಡೆಯುವಷ್ಟು ಗಟ್ಟಿ, ಹೊಸ ಮಣ್ಣನ್ನು ಹಿಡಿಯುವಷ್ಟು ಹಸಿ. ಆಗ ಎರಡನೇ ಸುರುಳಿ, ಎರಡನೇ ಪಟ್ಟಿ. ಹೀಗೆ ಐದಾರು ಪಟ್ಟಿ ಏರಿ, ಕೊನೆಗೆ ಬಾಯಿ ಮತ್ತು ಹಿಡಿಗಳು. ಹತ್ತು ತಿಗರಿ ಇಟ್ಟಿರುವುದು ಹೆಚ್ಚು ಮಾಡುವ ಆಸೆಗಲ್ಲ, ಮಣ್ಣು ಹದಕ್ಕೆ ಬರಲು ಬೇಕಾದ ಹೊತ್ತು ಖಾಲಿ ಹೋಗದಿರಲಿ ಎಂದು. ಬೇಸಿಗೆಯ ಒಂದು ಹಗಲಿಗೆ ಒಂದು ಸಾಲು ಮುಗಿಯುತ್ತದೆ. ಮೋಡ ಕವಿದರೆ ಮುಗಿಯುವುದಿಲ್ಲ.

ಇಡೀ ಕಸುಬಿನ ಕಷ್ಟ ಆ ಹದದಲ್ಲಿದೆ. ಆತುರಪಟ್ಟು ಮುಂದಿನ ಪಟ್ಟಿ ಹೇರಿದರೆ ಕೆಳಗಿನದು ಹೊಟ್ಟೆ ಬಿಟ್ಟು ಕುಸಿಯುತ್ತದೆ. ತಡಮಾಡಿದರೆ ಹಸಿ ಮಣ್ಣು ಒಣ ಅಂಚಿಗೆ ಬೆಸೆಯುವುದಿಲ್ಲ. ನೋಡಲು ಕೂಡಿದಂತೆ ಕಂಡರೂ ಸುಡುವಾಗ ಉಡಿದಾರ ಕಟ್ಟಿದ ಹಾಗೆ ಸುತ್ತಲೂ ಅಡ್ಡ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಬೀಸುವ ಬಡಗಣ ಗಾಳಿ ಒಂದು ಮಗ್ಗುಲನ್ನು ಬೇಗ ಒಣಗಿಸಿ ಬಾಯನ್ನು ಕೋಳಿಮೊಟ್ಟೆಯಾಕಾರ ಮಾಡುತ್ತದೆ. ಅದಕ್ಕೆ ಗಾಳಿ ಬರುವ ಕಡೆ ಬಟ್ಟೆ ಹೊದಿಸುತ್ತಾರೆ, ಪಾತ್ರೆ ತಿರುಗಿಸಿಡುತ್ತಾರೆ. ಹೊಟ್ಟೆ ಬಿಡದಂತೆ ಸುತ್ತಲೂ ಹುರಿ ಬಿಗಿಯುವುದೂ ಉಂಟು. ಬೆಸುಗೆಯ ಮೇಲೆ ಉಬ್ಬುಪಟ್ಟಿ ಕೂರಿಸುವುದು ಚೆಂದಕ್ಕೂ ಹೌದು, ಬೆಸುಗೆಗೆ ಬಲ ಕೊಡುವುದಕ್ಕೂ ಹೌದು. ಕ್ನೋಸೋಸಿನ ಗುಡಾಣಗಳ ಮೇಲೆ ಹಗ್ಗ ಸುತ್ತಿದಂತೆ ಕಾಣುವ ಉಬ್ಬು ಕೆತ್ತನೆಯನ್ನು ಈ ಕೆಲಸ ನೋಡಿದ ಮೇಲೆ ಮತ್ತೊಮ್ಮೆ ನೋಡಿ, ಅದು ಬರೀ ಅಲಂಕಾರವಾಗಿ ಕಾಣುವುದಿಲ್ಲ. ಆದ್ದರಿಂದಲೇ ನಮ್ಮ ಸಲಹೆ, ಸಾಧ್ಯವಾದರೆ ಮೊದಲು ಥ್ರಪ್ಸನೊ, ಆಮೇಲೆ ಕ್ನೋಸೋಸ್.

ನಮ್ಮ ಪದ್ಧತಿಗೂ ಇದಕ್ಕೂ ಇರುವ ವ್ಯತ್ಯಾಸ ಹೇಳಲೇಬೇಕು. ದೊಡ್ಡ ಪಾತ್ರೆ ಬೇಕಾದಾಗ ನಮ್ಮ ಕುಂಬಾರರು ತಿಗರಿಯ ಮೇಲೆ ದಪ್ಪ ಗೋಡೆಯ ಪಾತ್ರೆ ಎತ್ತಿಕೊಂಡು, ಅರೆಹಸಿಯಾದಾಗ ಒಳಗಿನಿಂದ ಗುಂಡುಕಲ್ಲು ಆನಿಸಿ ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ಹಿಗ್ಗಿಸುತ್ತಾರೆ. ತಳ ದುಂಡಗಾಗುತ್ತದೆ, ಗೋಡೆ ತೆಳುವಾಗುತ್ತದೆ, ಒಲೆಯ ಮೇಲೆ ಕೂರುತ್ತದೆ. ಕ್ರೀಟ್‌ನವರು ಗುಡಾಣವನ್ನು ತಟ್ಟಿ ಹಿಗ್ಗಿಸುವುದಿಲ್ಲ, ಪಟ್ಟಿಯ ಮೇಲೆ ಪಟ್ಟಿ ಏರಿಸುತ್ತಾರೆ. ತಳ ಚಪ್ಪಟೆ, ಗೋಡೆ ದಪ್ಪ. ಅದು ಒಲೆಗಲ್ಲ, ಉಗ್ರಾಣಕ್ಕೆ. ಮಣ್ಣು ಹಸಿಯಿಂದ ಸುಟ್ಟು ಮುಗಿಯುವವರೆಗೆ ಸುಮಾರು ಹತ್ತರಲ್ಲಿ ಒಂದು ಪಾಲು ಕುಗ್ಗುತ್ತದೆ. ಹಾಗಾಗಿ ಒಂದು ಮೀಟರ್ ಗುಡಾಣ ಬೇಕಿದ್ದರೆ ಹಸಿಯಲ್ಲಿ 110 ಸೆಂ.ಮೀ. ಹತ್ತಿರ ಎತ್ತಬೇಕು.

ಆವಿಗೆ ದುಂಡಗಿನ ಎರಡಂತಸ್ತಿನದು. ಕೆಳಗೆ ಬೆಂಕಿಯ ಗೂಡು, ನಡುವೆ ತೂತುಗಳ ನೆಲ, ಮೇಲೆ ಪಾತ್ರೆ ಜೋಡಿಸುವ ಕೋಣೆ. ಪಾತ್ರೆ ತುಂಬಿದ ಮೇಲೆ ಬಾಗಿಲಿಗೆ ಕಲ್ಲು ಮಣ್ಣು ಕಟ್ಟಿ, ತಲೆಯ ಮೇಲೆ ಬೋಕಿ ಚೂರುಗಳನ್ನು ಹರಡುತ್ತಾರೆ. ಬೆಂಕಿ ಕೆಳಗಿನಿಂದ ತೂತುಗಳ ಮೂಲಕ ಏರಿ ಬೋಕಿಗಳ ಸಂದಿನಿಂದ ಹೊರಹೋಗುತ್ತದೆ. ನಮ್ಮಲ್ಲಿ ಬಹಳ ಕಡೆ ಹುಲ್ಲು, ತೆಂಗಿನ ಸಿಪ್ಪೆ, ಸೌದೆಗಳ ನಡುವೆಯೇ ಮಡಕೆ ಒಟ್ಟಿ ಸುಡುತ್ತಾರೆ, ಅಲ್ಲಿ ಉರುವಲೂ ಪಾತ್ರೆಯೂ ಒಂದಕ್ಕೊಂದು ತಾಗಿರುತ್ತವೆ. ಕ್ರೀಟ್‌ನ ಆವಿಗೆಯಲ್ಲಿ ಎರಡೂ ಬೇರೆ ಬೇರೆ. ಕುರುಚಲು ಮುಳ್ಳುಗಿಡ, ಆಲಿವ್ ಸವರಿದ ಕೊಂಬೆ, ಎಣ್ಣೆ ತೆಗೆದ ಮೇಲೆ ಉಳಿದ ಆಲಿವ್ ಹಿಂಡಿ ಅಲ್ಲಿಯ ಉರುವಲು. ಮೊದಲ ಕೆಲವು ತಾಸು ಬರೀ ಹೊಗೆ ಕೊಟ್ಟ ಹಾಗೆ ಸಣ್ಣ ಬೆಂಕಿ. ಗೋಡೆಯೊಳಗಿನ ನೀರು 100 ಡಿಗ್ರಿ ದಾಟಿ ಆವಿಯಾಗುವಾಗ ದಾರಿ ಸಿಗದಿದ್ದರೆ ಪಾತ್ರೆ ಪಟಾಕಿಯಂತೆ ಒಡೆಯುತ್ತದೆ, ಪಕ್ಕದ ಎರಡನ್ನೂ ಕೆಡಿಸುತ್ತದೆ. ಆಮೇಲೆ ಬೆಂಕಿ ಏರಿಸಿ 900ರಿಂದ 1,000 ಡಿಗ್ರಿ ಸೆಲ್ಸಿಯಸ್ ನಡುವೆ ಮುಟ್ಟಿಸುತ್ತಾರೆ. ಹಳೆಯವರಿಗೆ ಉಷ್ಣಮಾಪಕವಿರಲಿಲ್ಲ, ಇಣುಕುಕಿಂಡಿಯಲ್ಲಿ ಕಾಣುವ ಬಣ್ಣವೇ ಅಳತೆ. ಕೆಂಪು ಕಳೆದು ಕಿತ್ತಳೆಗೆ ತಿರುಗಿದಾಗ ಸಾಕು ಎನ್ನುತ್ತಿದ್ದರು. ಆರಿಸುವಾಗಲೂ ಅವಸರ ಕೂಡದು. ಮಣ್ಣಿನಲ್ಲಿರುವ ಬೆಣಚುಕಲ್ಲಿನ ಪುಡಿ 573 ಡಿಗ್ರಿಯಲ್ಲಿ ಥಟ್ಟನೆ ಗಾತ್ರ ಬದಲಿಸುತ್ತದೆ. ಆ ಹೊತ್ತಿಗೆ ಬಾಗಿಲು ತೆಗೆದು ತಣ್ಣನೆ ಗಾಳಿ ಹೊಕ್ಕರೆ ಬಾಯಿಂದ ತಳದವರೆಗೆ ಕೂದಲೆಳೆಯಷ್ಟು ತೆಳು ಬಿರುಕು ಬೀಳುತ್ತದೆ. ಕಣ್ಣಿಗೆ ಕಾಣದಿದ್ದರೂ ಬೆರಳಗೆಣ್ಣಿನಿಂದ ತಟ್ಟಿದರೆ ಠಣ್ ಎನ್ನುವ ಬದಲು ಬೊದ್ ಎನ್ನುತ್ತದೆ. ಈಗ ಎರಡೂ ಊರುಗಳಲ್ಲಿ ಗ್ಯಾಸಿನ ಮತ್ತು ವಿದ್ಯುತ್ ಆವಿಗೆಗಳು ಬಂದಿವೆ. ಮಾರ್ಗರೀತೆಸಿನ ಸುತ್ತ ಹಳೆಯ ಆವಿಗೆಗಳ ಗೋಡೆಗಳು ಉಳಿದಿವೆ, ಹುಡುಕಿ ನೋಡುವಂಥವು.

ಬೆಂಕಿಯ ಮಾತು ಬಂದದ್ದರಿಂದ ಇನ್ನೊಂದು. ಕ್ನೋಸೋಸಿನಲ್ಲಿ ಸಿಕ್ಕ ಲೀನಿಯರ್ ಬಿ ಎಂಬ ಪುರಾತನ ಗ್ರೀಕ್ ಲಿಪಿಯ ಲೆಕ್ಕದ ಹಲಗೆಗಳು ಸುಡದ ಹಸಿ ಮಣ್ಣಿನವು. ನೀರು ಬಿದ್ದಿದ್ದರೆ ಕರಗಿಹೋಗುತ್ತಿದ್ದವು. ಅರಮನೆಗೆ ಬೆಂಕಿ ಬಿದ್ದು ಅವು ಸುಟ್ಟದ್ದರಿಂದಲೇ ಉಳಿದವು. ಎಷ್ಟು ಆಡು, ಎಷ್ಟು ಎಣ್ಣೆ ಎಂಬ ಲೆಕ್ಕವನ್ನು ಇವತ್ತು ನಾವು ಓದುತ್ತಿರುವುದು ಆ ಬೆಂಕಿಯ ದಯೆಯಿಂದ.

ಥ್ರಪ್ಸನೊದವರು ಊರಿನಲ್ಲೇ ಕೂತು ಗುಡಾಣ ಕಟ್ಟಿ ದ್ವೀಪಕ್ಕೆಲ್ಲ ಸಾಗಿಸುತ್ತಿರಲಿಲ್ಲ. ಖಾಲಿ ಗುಡಾಣ ಎತ್ತಲು ಇಬ್ಬರು ಹೆಣಗಬೇಕು, ಬೆಟ್ಟದ ದಾರಿ, ಕತ್ತೆ ಬೆನ್ನು. ಆದ್ದರಿಂದ ಪಾತ್ರೆಯ ಬದಲು ಕುಂಬಾರರೇ ಹೋಗುತ್ತಿದ್ದರು. ಮೇ ತಿಂಗಳ 21ರ ಸಂತ ಕಾನ್‌ಸ್ಟಾಂಟಿನ್ ಮತ್ತು ಹೆಲೆನ್ ಹಬ್ಬದ ಹೊತ್ತಿಗೆ ಹೊರಟರೆ ಸೆಪ್ಟೆಂಬರ್ 14ರ ಶಿಲುಬೆಯ ಹಬ್ಬದ ಹೊತ್ತಿಗೆ ವಾಪಸು. ಈ ತಿರುಗಾಟಕ್ಕೆ ವೆಂದೇಮಾ ಎಂದು ಹೆಸರು, ಸುಗ್ಗಿ ಎಂಬರ್ಥದ ಮಾತು. ತಂಡದಲ್ಲಿ ಆರು ಜನ. ಮೇಸ್ತ್ರಿ ಮಾಸ್ತೊರಾಸ್. ಅವನ ಕೈಕೆಳಗೆ ಸಣ್ಣ ಪಾತ್ರೆ ಮಾಡುವ ಸೊತೊಮಾಸ್ತೊರಾಸ್. ತಿಗರಿ ತಿರುಗಿಸುವವನು ತ್ರೊಹಾರಿಸ್, ಮಣ್ಣು ಹದಮಾಡುವವನು ಹೊಮಾತಾಸ್, ಆವಿಗೆ ನೋಡುವವನು ಕಮಿನಾರಿಸ್, ನೀರು ಮಣ್ಣು ಸೌದೆ ಹೊರುವವನು ಕುವಾಲಿತಿಸ್. ಮಣ್ಣು, ನೀರು, ಉರುವಲು ಮೂರೂ ಒಂದೆಡೆ ಸಿಗುವ ಜಾಗದಲ್ಲಿ ಬೀಡುಬಿಟ್ಟು, ಕಾಲುವೆ ತೋಡಿ, ಆವಿಗೆ ಕಟ್ಟಿ, ಸುತ್ತಲ ಹಳ್ಳಿಗಳಿಗೆ ಬೇಕಾದ್ದು ಮಾಡಿಕೊಟ್ಟು ಮುಂದೆ ಹೋಗುತ್ತಿದ್ದರು. ಪ್ಲಾಸ್ಟಿಕ್ ಪೀಪಾಯಿ, ತಗಡಿನ ಡಬ್ಬಿ ಬಂದ ಮೇಲೆ ಎಣ್ಣೆಯ ಗುಡಾಣ ಕೇಳುವವರಿಲ್ಲದೆ ವೆಂದೇಮಾ ನಿಂತಿತು. ಈಗ ಥ್ರಪ್ಸನೊ ಬದುಕಿರುವುದು ತೋಟದ ಅಲಂಕಾರದ ಗುಡಾಣದಿಂದ. ಹೋಟೆಲಿನ ಅಂಗಳಕ್ಕೆ, ಉತ್ತರ ಯುರೋಪಿನ ಮನೆಗಳಿಗೆ ಹೋಗುತ್ತದೆ. ಅಲ್ಲಿ ಹೊಸ ಪರೀಕ್ಷೆ, ಹಿಮ. ಗೋಡೆಯ ರಂಧ್ರದಲ್ಲಿ ನಿಂತ ನೀರು ಹೆಪ್ಪುಗಟ್ಟಿದರೆ ಶೇ 9ರಷ್ಟು ಹಿಗ್ಗಿ ಪದರ ಪದರವಾಗಿ ಸಿಪ್ಪೆ ಎಬ್ಬಿಸುತ್ತದೆ. ಅದಕ್ಕೇ ಅಲ್ಲಿಯ ಮಾರಾಟಗಾರರ ಬಾಯಲ್ಲಿ ಹಿಮಕ್ಕೆ ಜಗ್ಗದ ಗುಡಾಣ ಎಂಬ ಮಾತು ಹೆಚ್ಚು. ಬೆಂಗಳೂರಿನ ಬಾಲ್ಕನಿಗೆ ಆ ಗುಣಕ್ಕಾಗಿ ಹೆಚ್ಚಿನ ದುಡ್ಡು ಕೊಡಬೇಕಿಲ್ಲ.

ಇನ್ನು ಮಾರ್ಗರೀತೆಸ್. ರೆಥಿಮ್ನೊ ಪಟ್ಟಣದಿಂದ ಪೂರ್ವಕ್ಕೆ ಸುಮಾರು 27 ಕಿ.ಮೀ., ಪ್ಸಿಲೊರೀತಿಸ್ ಬೆಟ್ಟದ ಬಡಗಣ ತಪ್ಪಲಲ್ಲಿ, ಕಮರಿಯೊಂದರ ಅಂಚಿಗೆ ಕಟ್ಟಿದ ಊರು. ಬೆಟ್ಟದ ನೆತ್ತಿ 2,456 ಮೀಟರ್, ವಸಂತದಲ್ಲೂ ಹಿಮ ಕಾಣುತ್ತದೆ. ಕರಾವಳಿಯ ಹೆದ್ದಾರಿ ಬಿಟ್ಟು ಒಳಗೆ ತಿರುಗಿದ ಮೇಲೆ ಆಲಿವ್ ತೋಟದ ನಡುವಿನ ಕಿರಿದಾದ ತಿರುವಿನ ದಾರಿ. ಬಸ್ ಇದೆ, ಆದರೆ ದಿನಕ್ಕೆ ಕೆಲವೇ ಸಲ, ವಾರಾಂತ್ಯದಲ್ಲಿ ಇನ್ನೂ ಕಡಿಮೆ. ವಾಪಸು ಬಸ್ಸಿನ ಹೊತ್ತು ಕೇಳಿಕೊಳ್ಳದೆ ಹತ್ತಬಾರದು. ಬಾಡಿಗೆ ಕಾರು ಅನುಕೂಲ. ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಇಲ್ಲಿಂದಲೇ ಮಾಡಿಸಿಕೊಂಡು ಹೋಗಿ. ಗಾಡಿ ರಸ್ತೆಯ ಬಲಕ್ಕೆ ಓಡುತ್ತದೆ, ಕವಲಿನಲ್ಲಿ ಹಳೆಯ ಅಭ್ಯಾಸ ಕೈಕೊಡುವುದು ಎಡಕ್ಕೆ ತಿರುಗಿದ ಮೊದಲ ಐದು ಸೆಕೆಂಡಿನಲ್ಲಿ. ಊರಿನ ಓಣಿಗಳೊಳಗೆ ಕಾರು ನುಗ್ಗಿಸಬೇಡಿ, ಹೊರಗೆ ನಿಲ್ಲಿಸಿ ನಡೆದುಹೋಗಿ.

ಹೊತ್ತು ಮುಖ್ಯ. ಮಾರ್ಗರೀತೆಸಿನಲ್ಲಿ ತಿಗರಿ ಓಡುವುದು ಬೆಳಿಗ್ಗೆ. ಮಧ್ಯಾಹ್ನ ಎರಡರಿಂದ ಐದರವರೆಗೆ ಊರು ಮಲಗುತ್ತದೆ. ಅಂಗಡಿ ತೆರೆದಿದ್ದರೂ ಕೆಲಸ ನಿಂತಿರುತ್ತದೆ. ಪ್ರವಾಸಿ ಬಸ್ಸುಗಳು ಹನ್ನೊಂದರ ಸುಮಾರಿಗೆ ಬರತೊಡಗುತ್ತವೆ, ಒಂಬತ್ತಕ್ಕೆ ಅಲ್ಲಿದ್ದರೆ ಕುಂಬಾರನ ಜೊತೆ ಎರಡು ಮಾತಾಡಬಹುದು. ಏಪ್ರಿಲ್ ಕೊನೆಯಿಂದ ಜೂನ್, ಮತ್ತೆ ಸೆಪ್ಟೆಂಬರಿನಿಂದ ಅಕ್ಟೋಬರ್ ನಡುವಿನವರೆಗೆ ಒಳ್ಳೆಯ ಕಾಲ. ಚಳಿಗಾಲ ಅಲ್ಲಿ ಮಳೆಗಾಲ. ಮಣ್ಣು ಒಣಗುವುದಿಲ್ಲ, ಹಲವು ಅಂಗಡಿಗಳು ಬಾಗಿಲು ಹಾಕಿರುತ್ತವೆ. ಫೋಟೊ ತೆಗೆಯುವ ಮುಂಚೆ ಕೇಳಿ. ಒಣಗಲು ಇಟ್ಟ ಪಾತ್ರೆ ಮುಟ್ಟಬೇಡಿ. ಸುಡದ ಪಾತ್ರೆಯ ಹಿಡಿ ಹಿಡಿದು ಎತ್ತಿದರೆ ಹಿಡಿ ಮಾತ್ರ ಕೈಗೆ ಬರುತ್ತದೆ.

ಮಾರ್ಗರೀತೆಸಿನ ಕೆಲವು ಕುಂಬಾರರು ಗಾಜಿನಂಥ ಮೆರುಗು ಬಳಿಯದೆ, ಅರೆಹಸಿ ಪಾತ್ರೆಯನ್ನು ನುಣುಪಾದ ಹೊಳೆಗಲ್ಲಿನಿಂದ ಉಜ್ಜಿ ಉಜ್ಜಿ ಹೊಳಪು ತರಿಸುತ್ತಾರೆ. ಉಜ್ಜಿದಾಗ ಮೇಲ್ಮೈಯ ನುಣ್ಣನೆ ಕಣಗಳು ಒತ್ತಾಗಿ ಮಲಗಿ ರಂಧ್ರ ಮುಚ್ಚುತ್ತವೆ. ಬೆಂಕಿ ಹೆಚ್ಚಾದರೆ ಆ ಹೊಳಪು ಹೋಗಿಬಿಡುತ್ತದೆ. ಹೀಗಾಗಿ ಇವನ್ನು ಮಿತವಾದ ಬೆಂಕಿಯಲ್ಲೇ ಸುಡಬೇಕು, ಸುಟ್ಟ ಮೇಲೂ ನೀರು ಪೂರ್ತಿ ತಡೆಯುವುದಿಲ್ಲ. ಊರಿನ ಅಂಗಡಿಗಳಲ್ಲಿ ನಾವು ಮೊದಲು ಕೈಹಾಕುವುದು ಇಂಥ ಪಾತ್ರೆಗೆ. ಡಾಲ್ಫಿನ್ ಚಿತ್ರದ ಬಣ್ಣದ ತಟ್ಟೆಗಳನ್ನು ಬಿಟ್ಟುಬಿಡಿ, ಅವು ಗ್ರೀಸಿನ ಯಾವ ಬಂದರಿನಲ್ಲೂ ಸಿಗುತ್ತವೆ.

ಕೈಯಲ್ಲಿ ಮಾಡಿದ್ದೋ ಅಚ್ಚಿನಲ್ಲಿ ಎರೆದದ್ದೋ ತಿಳಿಯಲು ಒಳಗೆ ಬೆರಳು ಆಡಿಸಿ. ತಿಗರಿಯ ಪಾತ್ರೆಯ ಒಳಗೋಡೆಯಲ್ಲಿ ತಳದಿಂದ ಬಾಯಿಗೆ ಏರುವ ಬೆರಳಿನ ಸುತ್ತು ಸಿಗುತ್ತದೆ. ಅಚ್ಚಿನದು ಒಳಗೂ ನುಣುಪು, ಹೊರಗೆ ಎದುರುಬದುರಾಗಿ ಎರಡು ಗೀರು. ತಳ ತಿರುಗಿಸಿ ನೋಡಿ, ದಾರದಿಂದ ಕೊಯ್ದ ಬಿಲ್ಲುಗೆರೆ ಇದ್ದರೆ ತಿಗರಿಯದು. ತಟ್ಟಿ ಸದ್ದು ಕೇಳಿ. ಸುಣ್ಣದ ಬಿಳಿ ಚುಕ್ಕೆ ಇದೆಯೇ ನೋಡಿ. ಅಂಥದ್ದು ಒಂದೆರಡಿದ್ದರೂ ನಮ್ಮ ಮಳೆಗಾಲದಲ್ಲಿ ಚಕ್ಕೆ ಹಾರುತ್ತದೆ. ಅಡುಗೆಗೆ, ಊಟಕ್ಕೆ ಬಳಸುವುದಾದರೆ ಮೆರುಗಿನಲ್ಲಿ ಸೀಸ ಇಲ್ಲವೆಂದು ಬಾಯಿಬಿಟ್ಟು ಕೇಳಿ. ಮಿತವಾದ ಬೆಂಕಿಯಲ್ಲಿ ಕರಗುವ ಹಳೆಯ ಬಗೆಯ ಮೆರುಗಿಗೆ ಸೀಸ ಹಾಕುತ್ತಿದ್ದರು. ನಮ್ಮ ಹುಣಸೆ, ನಿಂಬೆ, ಮಜ್ಜಿಗೆಯ ಹುಳಿ ಅದನ್ನು ಬಿಡಿಸಿಕೊಳ್ಳುತ್ತದೆ. ಮೆರುಗಿಲ್ಲದ ಜಾಡಿಯಲ್ಲಿ ಉಪ್ಪಿನಕಾಯಿ ಹಾಕಬೇಡಿ. ಉಪ್ಪುನೀರು ಗೋಡೆಯೊಳಗೆ ಇಳಿದು ಹೊರಮೈಯಲ್ಲಿ ಹರಳುಗಟ್ಟಿ ಮಣ್ಣನ್ನು ಪುಡಿಪುಡಿ ಉದುರಿಸುತ್ತದೆ. ಅದೇ ಪಾತ್ರೆ ಕುಡಿಯುವ ನೀರಿಗೆ ಚೆನ್ನ, ನಮ್ಮ ಹೂಜಿಯ ಹಾಗೆ ಜಿನುಗಿ ತಂಪಾಗುತ್ತದೆ.

ಸುತ್ತಮುತ್ತ ನೋಡಲು ಒಂದು ದಿನಕ್ಕೆ ಸಾಲುವಷ್ಟಿದೆ. ಕೆಲವೇ ಕಿ.ಮೀ. ದೂರದಲ್ಲಿ ಪುರಾತನ ಎಲೆಫ್ಥೆರ್ನಾ. ಕ್ರೀಟ್ ವಿಶ್ವವಿದ್ಯಾಲಯದವರು 1985ರಿಂದ ಅಗೆಯುತ್ತಿರುವ ನೆಲೆ, 2016ರಲ್ಲಿ ತೆರೆದ ವಸ್ತುಸಂಗ್ರಹಾಲಯ ಪಕ್ಕದಲ್ಲೇ ಇದೆ. ಅಲ್ಲಿಂದ ಮುಂದೆ ಅರ್ಕಾದಿ ಮಠ. 1866ರ ನವೆಂಬರಿನಲ್ಲಿ ಒಟ್ಟೊಮನ್ ಸೈನ್ಯ ಮುತ್ತಿದಾಗ ಒಳಗಿದ್ದವರು ಮದ್ದಿನ ಕೋಣೆಗೆ ಬೆಂಕಿಯಿಟ್ಟು ಪ್ರಾಣಬಿಟ್ಟ ಜಾಗ. ಚರ್ಚಿನ ಮುಂಗೋಡೆ 1587ರದು. ಪೆರಾಮಾ ಊರಿನ ಕಡೆ ತಿರುಗಿದರೆ ಮೆಲಿದೋನಿ ಗುಹೆ. 1824ರಲ್ಲಿ ಅಲ್ಲಿ ಅಡಗಿದ್ದ ಸುಮಾರು 370 ಹಳ್ಳಿಗರನ್ನು ಒಟ್ಟೊಮನ್ ಕಡೆಯ ಸೈನಿಕರು ಹೊಗೆಯಿಟ್ಟು ಕೊಂದರು. ಇಂಥ ಜಾಗದಲ್ಲಿ ಗಲಾಟೆಯ ಸೆಲ್ಫಿ ಬೇಡ. ಇನ್ನೂ ಮೇಲೆ, ಅನೋಗಿಯಾ ಊರು ದಾಟಿ, 1,187 ಮೀಟರ್ ಎತ್ತರದಲ್ಲಿ ಜೊಮಿಂಥೊಸ್ ಎಂಬ ಮಿನೋವನ್ ಕಟ್ಟಡದ ಅವಶೇಷವಿದೆ. ಅಲ್ಲಿ ಕುಂಬಾರಿಕೆಯ ಕೋಣೆಯೂ ಸಿಕ್ಕಿದೆ. ಕ್ನೋಸೋಸ್ ಮುಂತಾದವುಗಳ ಜೊತೆ ಇದೂ 2025ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಈ ಹಳೆಯ ನೆಲೆಗಳ ಸುತ್ತಲ ಹೊಲಗಳಲ್ಲಿ ಬೋಕಿ ಚೂರುಗಳು ಬಿದ್ದಿರುತ್ತವೆ. ಒಂದನ್ನೂ ಜೇಬಿಗೆ ಹಾಕಬೇಡಿ. ಪ್ರಾಚ್ಯವಸ್ತುಗಳ ಕುರಿತ 2002ರ ಗ್ರೀಕ್ ಕಾಯ್ದೆ ಬಹಳ ಬಿಗಿ, ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ತಿಳಿಯದೆ ತಂದೆ ಎಂಬ ಮಾತು ನಡೆಯುವುದಿಲ್ಲ.

ಊಟಕ್ಕೆ ಸಸ್ಯಾಹಾರಿಗಳು ಹೆದರಬೇಕಿಲ್ಲ. ಒಣಗಿಸಿದ ಬಾರ್ಲಿ ರೊಟ್ಟಿಯ ಮೇಲೆ ಟೊಮೆಟೊ, ಬಿಳಿ ಚೀಸ್, ಎಣ್ಣೆ ಹಾಕಿದ ದಾಕೊಸ್. ಬೇಯಿಸಿದ ಕಾಡುಸೊಪ್ಪಿನ ಹೊರ್ತಾ, ನಮ್ಮ ಬೆರಕೆಸೊಪ್ಪಿನ ನೆಂಟ. ಬೇಳೆ ಅರೆದ ಫಾವಾ. ನಿಸ್ತಿಸಿಮಾ ಎಂದರೆ ಅವರ ಉಪವಾಸದ ಅಡುಗೆ, ಮಾಂಸ ಹಾಲು ಮೊಟ್ಟೆ ಇರುವುದಿಲ್ಲ. ಆದರೆ ಸಿಗಡಿ, ಚಿಪ್ಪು, ಬೊಂಡಾಸ್ (ಸ್ಕ್ವಿಡ್) ಅವರಿಗೆ ಉಪವಾಸಕ್ಕೆ ನಡೆಯುತ್ತದೆ. ಆದ್ದರಿಂದ ಆ ಒಂದು ಮಾತು ನಂಬಿ ತಟ್ಟೆ ತರಿಸಬೇಡಿ, ಬಿಡಿಸಿ ಕೇಳಿ.

ತರುವ ವಿಚಾರ ಹೇಳಿ ಮುಗಿಸುತ್ತೇವೆ. ಪಾತ್ರೆಯ ಒಳಗೂ ಬಟ್ಟೆ ತುರುಕಿ, ಸುತ್ತಲೂ ನಾಲ್ಕು ಬೆರಳಗಲ ಮೆತ್ತನೆಯದು ಇರುವಂತೆ ಪೆಟ್ಟಿಗೆಯ ನಡುವೆ ಇಡಿ. ಒಡೆಯುವುದು ಹೆಚ್ಚಾಗಿ ಪೆಟ್ಟಿಗೆಯ ಗೋಡೆಗೆ ತಾಗಿದ ಹಿಡಿ ಮತ್ತು ಬಾಯಿ. ಎರಡು ಪಾತ್ರೆ ಒಂದರೊಳಗೊಂದು ಕೂರಿಸಬೇಡಿ. ಸುಟ್ಟ ಮಣ್ಣಿನ ಪಾತ್ರೆ ತರಲು ತೊಂದರೆಯಿಲ್ಲ, ನೆನಪಿಗೆಂದು ಹಸಿ ಮಣ್ಣಿನ ಮುದ್ದೆ ತರಬೇಡಿ. ಭಾರತಕ್ಕೆ ಮಣ್ಣು ತರಲು ಸಸ್ಯರೋಗ ತಡೆಯ ನಿಯಮದಡಿ ಅನುಮತಿ ಬೇಕು. ಆಳೆತ್ತರದ ಗುಡಾಣವೇ ಬೇಕೆನ್ನುವವರಿಗೆ ಹಡಗಿನ ಸಾಗಣೆ ಬಾಡಿಗೆ ಗುಡಾಣದ ಬೆಲೆಯನ್ನೇ ಮೀರಬಹುದು. ಥ್ರಪ್ಸನೊದಲ್ಲಿ ಸಾಲಿನ ಕೊನೆಯ ತಿಗರಿಯ ಪಕ್ಕ ನಿಂತು, ಮೇಸ್ತ್ರಿ ಆರನೇ ಪಟ್ಟಿ ಏರಿಸುವವರೆಗೆ ನೋಡಿ ಬರುವುದಕ್ಕೆ ಮಾತ್ರ ಯಾರೂ ದುಡ್ಡು ಕೇಳುವುದಿಲ್ಲ. ಬೆಳಿಗ್ಗೆ ಹೋಗಿದ್ದರೆ, ಅದು ಮಧ್ಯಾಹ್ನದ ನಂತರ ಆಗುತ್ತದೆ.

ಇಬ್ಬರು ಓದುಗರು,
ಖಾನಾಪುರ, ಬೆಳಗಾವಿ ಜಿಲ್ಲೆ